ಭರತ ಇಳಿತಗಳ ನಡುವೆ: ಕುಮಟೆಯ ಸುತ್ತಲಿನ ಹಕ್ಕಿ ನೆಲೆಗಳು

ಕುಮಟೆಯ ಸುತ್ತ ಹಕ್ಕಿ ನೋಡಲು ಎಲ್ಲಿಗೆ ಹೋಗಬೇಕು ಎಂದು ಕೇಳುವವರಿಗೆ ನಾನು ಹಾಕುವ ಮೊದಲ ಮರುಪ್ರಶ್ನೆ: "ಇವತ್ತು ಯಾವ ತಿಥಿ?"

ಅಘನಾಶಿನಿ ನದಿ ಸಮುದ್ರ ಸೇರುವಲ್ಲಿ ಹರಡಿಕೊಂಡಿರುವ ಕೆಸರು ಬಯಲು ಚಳಿಗಾಲದಲ್ಲಿ ವಲಸೆ ಹಕ್ಕಿಗಳಿಗೆ ಹೆಸರಾದದ್ದು. ಆದರೆ ಭರತದ ಹೊತ್ತಿಗೆ ಅಲ್ಲಿಗೆ ತಲುಪಿದವರಿಗೆ ಆ ಬಯಲೇ ಕಾಣುವುದಿಲ್ಲ. ಈ ದಡದಿಂದ ಆ ದಡದವರೆಗೆ ನೀರು, ಮೇಲೆ ಸುತ್ತುವ ಒಂದೆರಡು ಗರುಡ, ಅಷ್ಟೇ. ಆರು ಗಂಟೆಗಳ ನಂತರ ಅದೇ ಜಾಗದಲ್ಲಿ ನಿಂತರೆ ನೀರು ಸರಿದು ಕಪ್ಪು ಕೆಸರು ಎದ್ದಿರುತ್ತದೆ, ಅದರ ತುಂಬ ಓಡುವ, ನಿಲ್ಲುವ, ಕೊಕ್ಕು ಇಳಿಸುವ ಹಕ್ಕಿಗಳಿರುತ್ತವೆ. ಬೆಳಿಗ್ಗೆ ನಿರಾಸೆಯಿಂದ ಮರಳಿದವರೂ ಸಂಜೆ ಬೆರಗಾಗಿ ನಿಂತವರೂ ನೋಡಿದ್ದು ಒಂದೇ ಜಾಗವನ್ನು.

ಕಾಡಿನಲ್ಲಿ ಹಕ್ಕಿ ನೋಡುವವರು ಸೂರ್ಯನನ್ನು ನಂಬುತ್ತಾರೆ. ಕರಾವಳಿಯಲ್ಲಿ ನಂಬಬೇಕಾದದ್ದು ಚಂದ್ರನನ್ನು. ಕುಮಟೆಯ ಸುತ್ತ ಐದು ಬಗೆಯ ನೆಲೆಗಳಿವೆ: ಅಳಿವೆಯ ಕೆಸರು ಬಯಲು, ಉಪ್ಪಿನಾಗರ, ಗಜನಿ ಗದ್ದೆ, ಕಾಂಡ್ಲಾ ಕಾಡು ಮತ್ತು ಮರಳು-ಬಂಡೆಗಳ ಕಡಲತೀರ. ಪ್ರವಾಸಿ ನಕ್ಷೆಯಲ್ಲಿ ಇವು ಐದು ಬೇರೆ ಬೇರೆ ಚುಕ್ಕಿಗಳು. ಹಕ್ಕಿಯ ಬದುಕಿನಲ್ಲಿ ಇವು ಒಂದೇ ದಿನದ ಬೇರೆ ಬೇರೆ ಹೊತ್ತುಗಳು. ಈ ಅಧ್ಯಾಯ ಹೇಳಹೊರಟಿರುವುದು ಇದನ್ನೇ. ಇದು ಅರ್ಥವಾದರೆ ಹಕ್ಕಿಗಳನ್ನು ಹುಡುಕುವುದು ಸುಲಭವಾಗುತ್ತದೆ, ಉಳಿಸಿಕೊಳ್ಳುವುದು ಹೇಗೆಂಬುದೂ ಸ್ಪಷ್ಟವಾಗುತ್ತದೆ.

ಚಂದ್ರ ಕೊಡುವ ವೇಳಾಪಟ್ಟಿ

ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ಒಂದು ಭರತದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಭೂಮಿ ಒಂದು ಸುತ್ತು ತಿರುಗುವಷ್ಟರಲ್ಲಿ ಚಂದ್ರ ತನ್ನ ಕಕ್ಷೆಯಲ್ಲಿ ಸ್ವಲ್ಪ ಮುಂದೆ ಹೋಗಿರುತ್ತಾನೆ. ಅವನ ಎದುರಿಗೆ ಮತ್ತೆ ಬರಲು ನಾವು ನಿಂತ ನೆಲ ಇನ್ನೂ 50 ನಿಮಿಷದಷ್ಟು ಹೆಚ್ಚು ತಿರುಗಬೇಕಾಗುತ್ತದೆ. ಹೀಗಾಗಿ ಭರತ ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ.

ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಸೂರ್ಯ-ಚಂದ್ರರ ಸೆಳೆತ ಒಂದೇ ಸಾಲಿಗೆ ಬರುವುದರಿಂದ ನೀರು ಹೆಚ್ಚು ಏರುತ್ತದೆ, ಅಷ್ಟೇ ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಎರಡರ ಸೆಳೆತಗಳು ಅಡ್ಡಡ್ಡ ಬೀಳುವುದರಿಂದ ಏರಿಳಿತ ಕಡಿಮೆ. ತಿಥಿಯೆಂದರೆ ಸೂರ್ಯ ಮತ್ತು ಚಂದ್ರರ ನಡುವಿನ ಕೋನದ ಅಳತೆ. ಸಮುದ್ರ ಅನುಸರಿಸುವುದೂ ಅದೇ ಕೋನವನ್ನು. ಆದ್ದರಿಂದ ಗೋಡೆಯ ಮೇಲಿನ ಪಂಚಾಂಗ ನೋಡಿದರೆ ಕೆಸರು ಬಯಲು ಯಾವಾಗ ಎಷ್ಟು ತೆರೆದುಕೊಳ್ಳುತ್ತದೆ ಎಂದು ಅಂದಾಜು ಮಾಡಬಹುದು. ಅಳಿವೆಯಲ್ಲಿ ಚಿಪ್ಪಿ ಆಯುವ ಹೆಂಗಸರೂ ಬಲೆ ಬಿಡುವ ಅಂಬಿಗರೂ ತಲೆಮಾರುಗಳಿಂದ ಹೀಗೆ ಲೆಕ್ಕ ಹಾಕುತ್ತ ಬಂದವರು.

ಈ ಭಾಗದಲ್ಲಿ ಅಮಾವಾಸ್ಯೆ, ಹುಣ್ಣಿಮೆಗಳ ದಿನ ನೀರು ತುಂಬುವುದು ಸರಿಸುಮಾರು ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ, ಪೂರ್ತಿ ಇಳಿಯುವುದು ಸಂಜೆ ಐದರ ಸುಮಾರಿಗೆ. ಅಷ್ಟಮಿಯ ಹೊತ್ತಿಗೆ ಇದು ತಿರುಗುಮುರುಗಾಗಿ, ಬೆಳಿಗ್ಗೆ ಬಯಲು ತೆರೆದು ಸಂಜೆ ಮುಳುಗುತ್ತದೆ. ನದಿಯ ಬಾಯಿಯಲ್ಲಿ ಕಾಣುವ ಭರತ ಒಳನಾಡಿನ ಮಿರ್ಜಾನದ ಕಡೆಗೆ ತಲುಪಲು ಇನ್ನಷ್ಟು ಹೊತ್ತು ಹಿಡಿಯುತ್ತದೆ. ನಿಖರ ಸಮಯ ಬೇಕಾದವರು ಕಾರವಾರ ಬಂದರಿನ ಭರತ-ಇಳಿತದ ಪಟ್ಟಿಯನ್ನು ನೋಡಿಕೊಳ್ಳಬೇಕು. ಹಕ್ಕಿ ನೋಡಲು ಒಳ್ಳೆಯ ಹೊತ್ತು ಇಳಿತದ ತಳವಲ್ಲ. ಆಗ ಬಯಲು ತುಂಬ ಅಗಲವಾಗಿ, ಹಕ್ಕಿಗಳು ದೂರ ಚದುರಿಹೋಗಿರುತ್ತವೆ. ನೀರು ಮರಳಿ ಏರತೊಡಗಿದ ಮೊದಲ ಎರಡು ಗಂಟೆಗಳೇ ಮೇಲು. ಏರುವ ನೀರು ಅವನ್ನು ಹೆಜ್ಜೆಹೆಜ್ಜೆಯಾಗಿ ದಡದ ಕಡೆಗೆ, ಅಂದರೆ ನಮ್ಮ ಕಡೆಗೆ ತರುತ್ತದೆ.

ಅಳಿವೆಯ ಕೆಸರು ಬಯಲು

ಶಿರಸಿಯ ಶಂಕರ ಹೊಂಡದ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಕೆಳಗೆ ಧುಮುಕಿ, ಸುಮಾರು 120 ಕಿಲೋಮೀಟರ್ ಹರಿದು ಅಘನಾಶಿನಿ ಸಮುದ್ರಕ್ಕೆ ಬರುತ್ತದೆ. ಈ ಹಾದಿಯಲ್ಲಿ ಎಲ್ಲೂ ಅದಕ್ಕೆ ದೊಡ್ಡ ಅಣೆಕಟ್ಟಿಲ್ಲ. ಘಟ್ಟದ ಮಣ್ಣು, ಕೊಳೆತ ಎಲೆ, ಖನಿಜಗಳು ತಡೆಯಿಲ್ಲದೆ ಕೆಳಗಿಳಿದು ಅಳಿವೆಯಲ್ಲಿ ನೆಲೆ ನಿಲ್ಲುತ್ತವೆ. ಸಮುದ್ರದ ಉಪ್ಪುನೀರು ಒಳನಾಡಿನ ಉಪ್ಪಿನಪಟ್ಟಣದವರೆಗೂ ಏರಿ ಇಳಿಯುತ್ತದೆ. ಸಿಹಿ, ಉಪ್ಪು, ಮಣ್ಣು ಮೂರೂ ಬೆರೆತ ಈ ಕೆಸರು ಜೀವಿಗಳ ಕಣಜ.

ಕುಮಟೆಯಿಂದ ಬಾಡ, ಕಾಗಾಲದ ಮೇಲೆ ಅಘನಾಶಿನಿ ಎಂಬ ಊರಿಗೆ ಹೋದರೆ ಅಳಿವೆಯ ದಕ್ಷಿಣ ದಡ ಸಿಗುತ್ತದೆ. ಎದುರು ದಡದಲ್ಲಿ ತದಡಿ. ಚಳಿಗಾಲದ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಈ ದಡದಲ್ಲಿ ಬೆಳಕು ನಮ್ಮ ಬೆನ್ನಿಗಿರುತ್ತದೆ. ತದಡಿಯಲ್ಲಿ ನಿಂತರೆ ಕಣ್ಣಿಗೆ ಹೊಡೆಯುತ್ತದೆ. ನೀರಿನಲ್ಲಿ ಮಿರುಗುವ ಬೂದು ಹಕ್ಕಿಗಳನ್ನು ಗುರುತಿಸುವಾಗ ಈ ಒಂದು ವ್ಯತ್ಯಾಸ ದುರ್ಬೀನಿನಷ್ಟೇ ಮುಖ್ಯ.

ಇಲ್ಲಿ ಮೇಯುವ ದಡದ ಹಕ್ಕಿಗಳನ್ನು ಹಕ್ಕಿ ಬಲ್ಲವರು ವೇಡರ್‌ಗಳು ಅನ್ನುತ್ತಾರೆ. ಮೊದಲ ನೋಟಕ್ಕೆ ಎಲ್ಲವೂ ಕಂದು-ಬೂದು, ಎಲ್ಲವೂ ಒಂದೇ. ಬಣ್ಣ ಬಿಟ್ಟು ಕೊಕ್ಕು ನೋಡತೊಡಗಿದರೆ ಗುರುತು ಹತ್ತುತ್ತದೆ. ಕರ್ಲ್ಯೂವಿನ ಕೆಳಗೆ ಬಾಗಿದ ಕೊಕ್ಕು 15 ಸೆಂಟಿಮೀಟರ್‌ವರೆಗೂ ಇದ್ದು, ಕೆಸರಿನ ಆಳದ ಹುಳುಗಳನ್ನು ಮುಟ್ಟುತ್ತದೆ. ವಿಂಬ್ರೆಲ್‌ನ ಕೊಕ್ಕು ಅದಕ್ಕಿಂತ ಗಿಡ್ಡ. ಒಂದೇ ಕೊಂಡಿ ದೊಡ್ಡದಿರುವ ಫಿಡ್ಲರ್ ಏಡಿಗಳ ಬಾಗಿದ ಬಿಲಕ್ಕೆ ಅದು ಸರಿಯಾಗಿ ಹೊಂದುತ್ತದೆ. ಗಾಡ್ವಿಟ್‌ನದು ಉದ್ದ, ತುಸು ಮೇಲಕ್ಕೆ ವಾಲಿದ್ದು. ಟೆರೆಕ್ ಸ್ಯಾಂಡ್‌ಪೈಪರ್‌ನ ಕೊಕ್ಕು ಎದ್ದು ಕಾಣುವಷ್ಟು ಮೇಲಕ್ಕೆ ಬಾಗಿದ್ದು, ಅದು ಓಡುವ ಏಡಿಗಳನ್ನು ಅಟ್ಟಿಸಿಕೊಂಡು ಹೋಗುತ್ತದೆ. ಗುಬ್ಬಿ ಗಾತ್ರದ ಸ್ಟಿಂಟ್ ಮೇಲ್ಪದರದ ಸಣ್ಣ ಜೀವಿಗಳನ್ನಷ್ಟೇ ಹೆಕ್ಕುತ್ತದೆ. ಒಂದೇ ಪಂಕ್ತಿಯಲ್ಲಿ ಕೂತರೂ ಒಬ್ಬರ ಎಲೆಗೆ ಇನ್ನೊಬ್ಬರು ಕೈ ಹಾಕದೆ ಉಣ್ಣುವ ವ್ಯವಸ್ಥೆ ಇದು. ಆಹಾರ ಬೇರೆ ಬೇರೆ ಆಳದಲ್ಲಿ ಇರುವುದರಿಂದಲೇ ಇಷ್ಟು ಬಗೆಯ ಹಕ್ಕಿಗಳು ಒಂದೇ ಬಯಲಿನಲ್ಲಿ ಹೊಟ್ಟೆ ತುಂಬಿಸಿಕೊಳ್ಳಬಲ್ಲವು.

ಕಣ್ಣಿಗೆ ಕಾಣದ ಹುಳುವನ್ನು ಕೆಸರಿನೊಳಗೆ ಹಿಡಿಯುವುದು ಹೇಗೆ? ಇಂಥ ಹಕ್ಕಿಗಳ ಕೊಕ್ಕಿನ ತುದಿಯಲ್ಲಿ ಸಣ್ಣ ಕುಳಿಗಳಿದ್ದು, ಅವುಗಳಲ್ಲಿ ಹರ್ಬ್ಸ್ಟ್ ಕಣಗಳೆಂಬ ಸ್ಪರ್ಶ ಸಂವೇದಕಗಳು ಗುಂಪುಗೂಡಿರುತ್ತವೆ. ಕೆಸರೊಳಗಿನ ಸಣ್ಣ ಅಲುಗಾಟವೂ ಅವಕ್ಕೆ ತಿಳಿಯುತ್ತದೆ. ರೆಡ್ ನಾಟ್ ಎಂಬ ಹಕ್ಕಿಯ ಮೇಲೆ 1990ರ ದಶಕದಲ್ಲಿ ನೆದರ್ಲೆಂಡ್ಸ್‌ನ ವಿಜ್ಞಾನಿಗಳು ಮಾಡಿದ ಪ್ರಯೋಗಗಳು ಇದಕ್ಕಿಂತ ಸೋಜಿಗದ ಸಂಗತಿ ತೋರಿಸಿದವು. ಹಸಿ ಮರಳಿಗೆ ಕೊಕ್ಕು ಇಳಿಸಿದಾಗ ಮರಳಿನ ಕಣಗಳ ನಡುವಿನ ನೀರಿನಲ್ಲಿ ಒತ್ತಡ ಹುಟ್ಟುತ್ತದೆ. ಹತ್ತಿರದಲ್ಲಿ ಚಿಪ್ಪಿಯಂಥ ಗಟ್ಟಿ ವಸ್ತು ಇದ್ದರೆ ಆ ಒತ್ತಡದ ಹರವು ಬದಲಾಗುತ್ತದೆ. ಕದಲದೆ ಕೂತ ಚಿಪ್ಪಿಯನ್ನೂ ಹಕ್ಕಿ ಮುಟ್ಟದೆಯೇ ಪತ್ತೆ ಮಾಡುತ್ತದೆ. ಸಿಕ್ಕಿದ್ದನ್ನು ಹಿಡಿಯುವ ಉಪಾಯವೂ ಹಾಗೆಯೇ: ಇಡೀ ಬಾಯಿ ತೆರೆಯದೆ ಕೊಕ್ಕಿನ ತುದಿಯನ್ನಷ್ಟೇ ತೆರೆದು ಮುಚ್ಚಲು ಅವುಗಳಿಗೆ ಬರುತ್ತದೆ.

ಪ್ಲೋವರ್‌ಗಳದು ಬೇರೆ ದಾರಿ. ಅವುಗಳ ಕೊಕ್ಕು ಗಿಡ್ಡ, ಕಣ್ಣು ದೊಡ್ಡದು. ನಾಲ್ಕು ಹೆಜ್ಜೆ ಓಡುತ್ತವೆ, ಥಟ್ಟನೆ ನಿಲ್ಲುತ್ತವೆ, ನೋಡುತ್ತವೆ, ಹೆಕ್ಕುತ್ತವೆ. ನಡೆಯುತ್ತಲೇ ಕೊಕ್ಕು ಆಡಿಸುವ ಹಕ್ಕಿ ಮುಟ್ಟಿ ಹುಡುಕುವಂಥದ್ದು, ಓಡಿ ನಿಲ್ಲುವ ಹಕ್ಕಿ ಕಂಡು ಹುಡುಕುವಂಥದ್ದು. ಈ ಒಂದು ಲಕ್ಷಣ ಹಿಡಿದರೆ ಬಯಲಿನ ಅರ್ಧ ಹಕ್ಕಿಗಳನ್ನು ದೂರದಿಂದಲೇ ವಿಂಗಡಿಸಬಹುದು.

ಕಪ್ಪು-ಬಿಳಿ ಮೈ, ಕೆಂಪು-ಕಿತ್ತಳೆ ಕೊಕ್ಕಿನ ಆಯ್‌ಸ್ಟರ್‌ಕ್ಯಾಚರ್ ಇಲ್ಲಿಗೆ ಬರುವುದು ಬೆಳಚು ಎಂಬ ಚಿಪ್ಪಿಗಾಗಿ. ಬಾಯಿ ತುಸು ಬಿಟ್ಟ ಚಿಪ್ಪಿಯೊಳಗೆ ಕೊಕ್ಕು ತೂರಿಸಿ, ಅದನ್ನು ಮುಚ್ಚುವ ಸ್ನಾಯುವನ್ನು ಅದು ಕತ್ತರಿಸುತ್ತದೆ. ಅದೇ ಬೆಳಚನ್ನು ಆಯಲು ಇಳಿತದ ಹೊತ್ತಿಗೆ ನೂರಾರು ಜನ ದೋಣಿಗಳಲ್ಲಿ ಬರುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಈ ಅಳಿವೆಯಿಂದ ವರ್ಷಕ್ಕೆ ತೆಗೆಯುವ ಚಿಪ್ಪಿಜೀವಿಗಳು ಸುಮಾರು 22,000 ಟನ್. ಮನುಷ್ಯರಿಗೂ ಹಕ್ಕಿಗಳಿಗೂ ಉಣಿಸುವ ಈ ಕೆಸರನ್ನು ಖಾಲಿ ಜಾಗ ಎಂದು ಕರೆಯುವವರು ಅದನ್ನು ಭರತದ ಹೊತ್ತಿನಲ್ಲಿ ಮಾತ್ರ ನೋಡಿದವರು.

ಸಾಣಿಕಟ್ಟಾದ ಉಪ್ಪಿನಾಗರ

ನೀರು ಏರಿ ಬಯಲು ಮುಳುಗಿದಾಗ ಆ ಹಕ್ಕಿಗಳೆಲ್ಲ ಎಲ್ಲಿಗೆ ಹೋಗುತ್ತವೆ? ಹಕ್ಕಿ ನೋಡುವವರಲ್ಲಿ ಹೆಚ್ಚಿನವರು ಕೇಳದೆ ಬಿಡುವ ಪ್ರಶ್ನೆ ಇದು. ಒಂದು ಉತ್ತರ ತದಡಿಯಿಂದ ಗೋಕರ್ಣಕ್ಕೆ ಹೋಗುವ ದಾರಿಯಲ್ಲಿ, ಸಾಣಿಕಟ್ಟಾದಲ್ಲಿದೆ.

ಸಾಣಿಕಟ್ಟಾದ ಹರಳುಪ್ಪು ಜಿಲ್ಲೆಯ ಅಡುಗೆಮನೆಗಳಿಗೆ ಹಳೆಯ ಪರಿಚಯ. ಅಳಿವೆಯ ನೀರನ್ನು ದೊಡ್ಡ ಕಟ್ಟೆಗಳಿಗೆ ತುಂಬಿಸಿ, ಅಲ್ಲಿಂದ ಒಂದೊಂದೇ ಪಾತಿಗೆ ಹಾಯಿಸಿ, ಬಿಸಿಲಿಗೆ ಗಟ್ಟಿಗೊಳಿಸುತ್ತ, ಕೊನೆಯ ಪಾತಿಯಲ್ಲಿ ಉಪ್ಪನ್ನು ಎಳೆದು ರಾಶಿ ಹಾಕುತ್ತಾರೆ. ಮೊದಲ ಕಟ್ಟೆಯಿಂದ ಕೊನೆಯ ಪಾತಿಯವರೆಗೆ ಉಪ್ಪಿನ ಸಾಂದ್ರತೆ ಏರುತ್ತ ಹೋದಂತೆ ಜೀವಿಗಳೂ ಬದಲಾಗುತ್ತವೆ. ತೆಳು ಉಪ್ಪಿನ ಕಟ್ಟೆಗಳಲ್ಲಿ ಮೀನು, ಸಿಗಡಿ ಇರುವುದರಿಂದ ಅಲ್ಲಿ ಬೆಳ್ಳಕ್ಕಿ, ನೀರುಕಾಗೆ, ರೀವಗಳು ಕಾಣುತ್ತವೆ. ನಡುವಿನ ಪಾತಿಗಳಲ್ಲಿ ಉದ್ದ ಗುಲಾಬಿ ಕಾಲಿನ ಮೆಟ್ಟುಗಾಲು ಹಕ್ಕಿಗಳು. ನೀರು ಇನ್ನೂ ಗಟ್ಟಿಯಾದಲ್ಲಿ ಮೀನಿಲ್ಲ, ಉಪ್ಪು ತಾಳುವ ನೊಣಗಳ ಮರಿಗಳಂಥವು ಮಾತ್ರ ಬದುಕುತ್ತವೆ. ಅವನ್ನು ಹೆಕ್ಕಲು ಸ್ಟಿಂಟ್‌ಗಳೂ ಸಣ್ಣ ಪ್ಲೋವರ್‌ಗಳೂ ಅಂಚಿನಲ್ಲಿ ಓಡಾಡುತ್ತವೆ.

ಆದರೆ ಆಗರದ ದೊಡ್ಡ ಉಪಯೋಗ ಮೇವಲ್ಲ, ವಿಶ್ರಾಂತಿ. ಭರತದ ಹೊತ್ತಿಗೆ ಕೆಸರು ಬಯಲಿನ ಹಕ್ಕಿಗಳು ಗುಂಪುಗುಂಪಾಗಿ ಹಾರಿಬಂದು ಪಾತಿಗಳ ನಡುವಿನ ಬದುಗಳ ಮೇಲೆ ಸಾಲಾಗಿ ನಿಲ್ಲುತ್ತವೆ. ಎಲ್ಲವೂ ಗಾಳಿಗೆ ಮುಖ ಮಾಡಿ, ಒಂದೇ ಕಾಲಿನ ಮೇಲೆ, ಕೊಕ್ಕನ್ನು ಬೆನ್ನಿನ ಗರಿಯೊಳಗೆ ಹುದುಗಿಸಿ. ಬದುಗಳನ್ನೇ ಆರಿಸಿಕೊಳ್ಳಲು ಕಾರಣವಿದೆ. ಮರವಿಲ್ಲ, ಪೊದೆಯಿಲ್ಲ, ನಾಲ್ಕೂ ದಿಕ್ಕು ತೆರೆದಿದೆ. ಚಳಿಗಾಲದಲ್ಲಿ ಬರುವ ಪೆರಿಗ್ರಿನ್ ಡೇಗೆ ಎರಗಿದರೆ ದೂರದಿಂದಲೇ ಕಾಣಬೇಕು.

ಇಷ್ಟು ಉಪ್ಪು ನುಂಗಿ ಬದುಕುವುದೂ ಒಂದು ವಿದ್ಯೆ. ಕಡಲು, ಅಳಿವೆಗಳಲ್ಲಿ ಮೇಯುವ ಹಕ್ಕಿಗಳ ಕಣ್ಣಿನ ಮೇಲ್ಭಾಗದಲ್ಲಿ ಒಂದು ಜೊತೆ ಲವಣಗ್ರಂಥಿಗಳಿರುತ್ತವೆ. ರಕ್ತದಲ್ಲಿ ಹೆಚ್ಚಾದ ಉಪ್ಪನ್ನು ಅವು ಸಮುದ್ರದ ನೀರಿಗಿಂತ ಗಟ್ಟಿಯಾದ ದ್ರವವಾಗಿ ಮೂಗಿನ ಹೊಳ್ಳೆಗಳ ಮೂಲಕ ಹೊರಹಾಕುತ್ತವೆ. ವಿಶ್ರಮಿಸುವ ಗಲ್ ಹಕ್ಕಿಗಳನ್ನು ಟೆಲಿಸ್ಕೋಪಿನಲ್ಲಿ ನೋಡಿದರೆ ಕೊಕ್ಕಿನ ತುದಿಯಲ್ಲಿ ಹನಿ ನಿಂತದ್ದೂ ಅವು ತಲೆ ಕೊಡವಿ ಅದನ್ನು ಉದುರಿಸುವುದೂ ಕಾಣುತ್ತದೆ.

ಉಪ್ಪಿಗೂ ಹಕ್ಕಿಗೂ ಇರುವ ನಂಟು ನಮ್ಮ ನಿಸರ್ಗ ಬರವಣಿಗೆಯ ಚರಿತ್ರೆಯಲ್ಲೂ ಇದೆ. 1883ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಕಟ್ಟಿದವರಲ್ಲಿ ಒಬ್ಬರಾದ ಎಡ್ವರ್ಡ್ ಹ್ಯಾಮಿಲ್ಟನ್ ಏಟ್ಕಿನ್ ಮುಂಬಯಿ ಸರ್ಕಾರದ ಸುಂಕ ಮತ್ತು ಉಪ್ಪಿನ ಇಲಾಖೆಯ ಅಧಿಕಾರಿ. ಉತ್ತರ ಕನ್ನಡದಲ್ಲೂ ಕೆಲಸ ಮಾಡಿದವರು. ಉಪ್ಪಿನ ಉಸ್ತುವಾರಿಗೆ ಸುತ್ತಾಡುವ ನೌಕರಿ ಅವರಿಗೆ ಕರಾವಳಿಯ ಜೀವಜಗತ್ತನ್ನು ತೋರಿಸಿತು.

ಆಗರ ದುಡಿಮೆಯ ಜಾಗ. ಒಳಗೆ ಹೋಗುವ ಮುನ್ನ ಅಲ್ಲಿನವರನ್ನು ಕೇಳಬೇಕು, ಪಾತಿಗೆ ಕಾಲಿಡಬಾರದು. ನಿಂತ ಹಕ್ಕಿಗಳನ್ನು ಎಬ್ಬಿಸಿ ಹಾರುವ ಚಿತ್ರ ತೆಗೆಯುವುದಂತೂ ಕೂಡದು. ಮೇಯಲಾಗದ ಆ ಕೆಲವು ಗಂಟೆಗಳಲ್ಲಿ ಅನಗತ್ಯವಾಗಿ ಹಾರಿ ಕಳೆದುಕೊಂಡ ಶಕ್ತಿಯನ್ನು ಮುಂದಿನ ಇಳಿತದಲ್ಲಿ ದುಡಿದು ತುಂಬಿಕೊಳ್ಳಬೇಕು. ದಿನದಿನವೂ ಹೀಗಾದರೆ ಲೆಕ್ಕ ಸರಿಹೋಗುವುದಿಲ್ಲ.

ಗಜನಿ ಮತ್ತು ಕಾಂಡ್ಲಾ

ಹೆಗಡೆ, ಮಾಸೂರು, ಮಾಣಿಕಟ್ಟಾದಂಥ ಊರುಗಳ ಅಂಚಿನಲ್ಲಿ ಅಳಿವೆಗೆ ಒಡ್ಡು ಕಟ್ಟಿ ಮಾಡಿದ ತಗ್ಗಿನ ಗದ್ದೆಗಳಿಗೆ ಗಜನಿ ಎನ್ನುತ್ತಾರೆ. ಮಳೆಗಾಲದಲ್ಲಿ ಇಲ್ಲಿ ಬೆಳೆಯುವುದು ಕಗ್ಗ, ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುವ ಎತ್ತರದ ಭತ್ತ. ತೆನೆ ಕೊಯ್ದ ಮೇಲೆ ಹುಲ್ಲನ್ನು ಗದ್ದೆಯಲ್ಲೇ ಬಿಟ್ಟು, ತೂಬು ತೆರೆದು ಅಳಿವೆಯ ನೀರು ಬಿಡುತ್ತಾರೆ. ಹುಲ್ಲು ಕೊಳೆತು ಸಿಗಡಿ, ಮೀನುಮರಿಗಳಿಗೆ ಆಹಾರವಾಗುತ್ತದೆ. ಅರ್ಧ ವರ್ಷ ಅನ್ನ, ಅರ್ಧ ವರ್ಷ ಮೀನು. ವಲಸೆ ಹಕ್ಕಿಗಳು ಬಂದಿಳಿಯುವ ಕಾಲಕ್ಕೇ ಗದ್ದೆಗೆ ಮೀನು ತುಂಬುತ್ತದೆ.

ತೂಬಿನ ನೀರು ಮೊಣಕಾಲು ಮಟ್ಟಕ್ಕಿಂತ ಕೆಳಗಿದ್ದರೆ ಇಲ್ಲಿ ಬೆಳ್ಳಕ್ಕಿಗಳು, ಬಿಳಿ ಕತ್ತಿನ ಕೊಕ್ಕರೆ, ಕೆಂಪು ಕಾಲಿನ ರೆಡ್‌ಶಾಂಕ್, ಹಸಿರು ಕಾಲಿನ ಗ್ರೀನ್‌ಶಾಂಕ್ ಮೇಯುತ್ತವೆ. ನೀರು ಆಳವಾದರೆ ಹಾವಕ್ಕಿ, ನೀರುಕಾಗೆಗಳು. ಕೆಲವೇ ಅಂಗುಲಗಳ ವ್ಯತ್ಯಾಸದಲ್ಲಿ ಬರುವ ಹಕ್ಕಿಯೇ ಬೇರೆಯಾಗುತ್ತದೆ, ಏಕೆಂದರೆ ಕಾಲಿನ ಉದ್ದ ಎಷ್ಟೋ ಅಷ್ಟೇ ಆಳಕ್ಕೆ ವೇಡರ್ ಇಳಿಯಬಲ್ಲದು. ವರ್ಷವಿಡೀ ಆಳ ನೀರು ನಿಲ್ಲಿಸುವ ಸಿಗಡಿ ಹೊಂಡವಾದರೆ ಅದೇ ನೆಲ ಇವುಗಳಿಗೆ ದಕ್ಕುವುದಿಲ್ಲ. ಗಜನಿ ಹಕ್ಕಿಗಳ ನೆಲೆಯಾಗಿರುವುದು ರೈತರು ಋತುವಿಗೆ ತಕ್ಕಂತೆ ನೀರನ್ನು ಏರಿಸಿ ಇಳಿಸುವುದರಿಂದ. ಕಗ್ಗ ಬಿತ್ತುವವರು ಕಡಿಮೆಯಾದಂತೆ ಹಕ್ಕಿಗಳ ಜಾಗವೂ ಕಿರಿದಾಗುತ್ತದೆ.

ಒಡ್ಡುಗಳ ಹೊರಗೆ, ಕೋಡಿಗಳ ಉದ್ದಕ್ಕೆ ಕಾಂಡ್ಲಾ (ಮ್ಯಾಂಗ್ರೋವ್) ಬೆಳೆದಿದೆ. ಮಿರ್ಜಾನ, ದಿವಗಿಯ ಕಡೆ ಪುಟ್ಟ ದೋಣಿಯಲ್ಲಿ ಹೋದರೆ ಇದನ್ನು ಹತ್ತಿರದಿಂದ ನೋಡಬಹುದು. ನೀರು ಏರಿದಾಗ ಕೆಸರಿನಲ್ಲಿ ನಿಲ್ಲಲಾಗದ ಕೆಲವು ಹಕ್ಕಿಗಳು ಈ ಮರಗಳ ಮೇಲೇರುತ್ತವೆ. ವಿಂಬ್ರೆಲ್‌ಗಳು ಹೀಗೆ ಕೊಂಬೆಯ ಮೇಲೆ ಕೂತು ಭರತ ಕಳೆಯುವುದುಂಟು. ಚಳಿಗಾಲದ ಅತಿಥಿಯಾದ ಕಪ್ಪು ಟೊಪ್ಪಿಗೆಯ ಮಿಂಚುಳ್ಳಿಗೆ ಕಾಂಡ್ಲಾ ನೆರಳೆಂದರೆ ಇಷ್ಟ. ನೇರಳೆ-ನೀಲಿ ಬೆನ್ನು, ಕೆಂಪು ಕೊಕ್ಕಿನ ಈ ಹಕ್ಕಿ ಸಂಖ್ಯೆಯಲ್ಲಿ ಕುಗ್ಗುತ್ತಿದ್ದು, ಅಪಾಯದ ಅಂಚಿನಲ್ಲಿರುವ ಪ್ರಭೇದಗಳ ಜಾಗತಿಕ ಪಟ್ಟಿಯಲ್ಲಿದೆ. ಕಾಂಡ್ಲಾ ಉದುರಿಸುವ ಎಲೆಯೇ ಏಡಿಗಳ ಆಹಾರ, ಆ ಏಡಿಯೇ ಬಯಲಿನ ಹಕ್ಕಿಯ ಆಹಾರ. ಹಾಗಾಗಿ ಮರದ ಮೇಲೆ ಎಂದೂ ಕೂರದ ಹಕ್ಕಿಯೂ ಕಾಂಡ್ಲಾವನ್ನು ನೆಚ್ಚಿಕೊಂಡಿದೆ.

ಮರಳು, ಬಂಡೆ, ತೆರೆದ ಕಡಲು

ಬಾಡ, ಧಾರೇಶ್ವರದ ಉದ್ದನೆಯ ಮರಳು ದಂಡೆಗಳಲ್ಲಿ ಹಕ್ಕಿಗಳ ವೈವಿಧ್ಯ ಅಳಿವೆಯಷ್ಟಿಲ್ಲ. ಅಲೆ ಬಡಿದು ಕಲಕುವ ಮರಳಿನಲ್ಲಿ ಕೆಸರಿನಷ್ಟು ಆಹಾರ ನಿಲ್ಲದು. ಇದಕ್ಕೆ ಒಗ್ಗಿದ್ದು ಸ್ಯಾಂಡರ್ಲಿಂಗ್. ಹಿಂದೆ ಸರಿವ ಅಲೆಯ ಬೆನ್ನಟ್ಟಿ ಓಡಿ, ನೊರೆ ಬಿಟ್ಟುಹೋದ ಜೀವಿಗಳನ್ನು ಹೆಕ್ಕಿ, ಮುಂದಿನ ಅಲೆ ಬರುವಷ್ಟರಲ್ಲಿ ಮೇಲೆ ಓಡಿಬರುತ್ತದೆ. ಬೆಳಗಿನ ಜಾವ, ಜನ ಬರುವ ಮುನ್ನ ಹೋದರೆ ಸ್ಯಾಂಡ್ ಪ್ಲೋವರ್‌ಗಳ ಗುಂಪುಗಳೂ ಸಿಗುತ್ತವೆ.

ವನ್ನಳ್ಳಿಯ ಕಡೆಯ ಬಂಡೆಗಳಲ್ಲಿ ಕಡಲ ಬೆಳ್ಳಕ್ಕಿಯನ್ನು ಹುಡುಕಬೇಕು. ಒಂದೇ ಪ್ರಭೇದದಲ್ಲಿ ಕಡುಬೂದು ಮೈಯವೂ ಇವೆ, ಅಚ್ಚ ಬಿಳಿಯವೂ ಇವೆ. ಅಲೆ ಸಿಡಿಯುವ ಕಪ್ಪು ಬಂಡೆಯ ಮೇಲೆ ಬೂದು ಹಕ್ಕಿ ಕಣ್ಣಿಗೆ ಬೀಳುವುದೇ ಅದು ಕದಲಿದಾಗ.

ಮೀನುಗಾರಿಕೆ ಬಂದರಾದ ತದಡಿಯಲ್ಲಿ ಗಲ್ ಮತ್ತು ರೀವಗಳು. ಕಂದು ತಲೆಯ ಗಲ್ ಟಿಬೆಟ್ ಪ್ರಸ್ಥಭೂಮಿ ಮತ್ತು ಮಧ್ಯ ಏಷ್ಯಾದ ಸರೋವರಗಳಲ್ಲಿ ಮರಿ ಮಾಡಿ ಬಂದದ್ದು. ಬಿಳಿ ಎದೆ, ಬೆಣೆಯಾಕಾರದ ಬಾಲದ ಕಡಲ ಹದ್ದು ಮಾತ್ರ ಇಲ್ಲಿಯದೇ. ಎತ್ತರದ ಮರದ ಮೇಲೆ ಕಟ್ಟಿದ ಗೂಡನ್ನೇ ವರ್ಷವರ್ಷವೂ ದುರಸ್ತಿ ಮಾಡಿ ಬಳಸುವ ಹಕ್ಕಿ ಅದು. ಸಮುದ್ರದಂಚಿನ ಹಳೆಯ ಮರವೊಂದು ಬಿದ್ದರೆ ಒಂದು ಜೋಡಿ ನೆಲೆ ಕಳೆದುಕೊಳ್ಳುತ್ತದೆ. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪವೂ ಈ ಹದ್ದಿಗೆ ಹೆಸರಾದದ್ದು.

ಯಾವ ತಿಂಗಳು, ಯಾವ ಹಕ್ಕಿ

ಆಗಸ್ಟ್ ಕೊನೆಗೆ ಮೊದಲ ವೇಡರ್‌ಗಳು ಬಂದಿಳಿಯುತ್ತವೆ. ಮೊದಲು ದೊಡ್ಡವು, ಆಮೇಲೆ ಅದೇ ವರ್ಷ ಹುಟ್ಟಿದ ಮರಿಗಳು. ದಾರಿ ತೋರಿಸುವ ಹಿರಿಯರಿಲ್ಲದೆ, ಎಂದೂ ಕಾಣದ ಕರಾವಳಿಗೆ ಅವು ತಾವೇ ಬರುತ್ತವೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಸಂಖ್ಯೆ ಹೆಚ್ಚು. ಹೊಸಬರಿಗೆ ಹೇಳಿಮಾಡಿಸಿದ ಕಾಲ ಇದು.

ಆದರೆ ಬಣ್ಣ ನೋಡಬೇಕಾದರೆ ಮಾರ್ಚ್ ಕೊನೆ, ಏಪ್ರಿಲ್. ಹೊರಡುವ ಮುನ್ನ ಸ್ಯಾಂಡ್ ಪ್ಲೋವರ್‌ಗಳ ಎದೆ ಇಟ್ಟಿಗೆ ಕೆಂಪಾಗುತ್ತದೆ, ಗ್ರೇ ಪ್ಲೋವರ್‌ನ ಹೊಟ್ಟೆ ಕಪ್ಪಾಗುತ್ತದೆ. ಹೊರಗಿನ ಬದಲಾವಣೆಗಿಂತ ಒಳಗಿನದು ದೊಡ್ಡದು. ದೂರ ಹಾರುವ ವೇಡರ್‌ಗಳು ಹೊರಡುವ ಮುನ್ನ ಕೊಬ್ಬು ತುಂಬಿಕೊಳ್ಳುತ್ತವೆ. ಅಲಾಸ್ಕದಿಂದ ಹೊರಡುವ ಬಾರ್-ಟೇಲ್ಡ್ ಗಾಡ್ವಿಟ್‌ಗಳಲ್ಲಿ ದೇಹದ ತೂಕದ ಅರ್ಧಕ್ಕಿಂತ ಹೆಚ್ಚು ಕೊಬ್ಬಿರುವುದೂ, ಹಾರುವಾಗ ಹೊರೆಯಾಗದಂತೆ ಜೀರ್ಣಾಂಗಗಳು ಕುಗ್ಗಿರುವುದೂ ಕಂಡುಬಂದಿದೆ. ಆ ಜಾತಿಯ ಒಂದು ಮರಿ 2022ರಲ್ಲಿ ಎಲ್ಲೂ ಇಳಿಯದೆ 11 ದಿನಗಳಲ್ಲಿ ಟಾಸ್ಮೇನಿಯದವರೆಗೆ 13,560 ಕಿಲೋಮೀಟರ್ ಹಾರಿದ್ದನ್ನು ಉಪಗ್ರಹ ಸಾಧನ ದಾಖಲಿಸಿತು. ನಮ್ಮ ಹಕ್ಕಿಗಳ ಹಾದಿ ಬೇರೆ. ಸೈಬೀರಿಯಾದ ಧ್ರುವ ಪ್ರದೇಶದಿಂದ ಹಿಂದೂ ಮಹಾಸಾಗರದವರೆಗಿನ, 30 ದೇಶಗಳನ್ನು ಹಾಯುವ ಮಧ್ಯ ಏಷ್ಯಾ ವಲಸೆ ಮಾರ್ಗ ಇವುಗಳದು. ಹಿಮಾಲಯ ದಾಟಲು ಬೇಕಾದ ಶಕ್ತಿ ತುಂಬಿಕೊಳ್ಳುವುದು ಮಾರ್ಚ್ ತಿಂಗಳ ಅಘನಾಶಿನಿಯ ಕೆಸರಿನಲ್ಲಿ.

ಜೂನ್, ಜುಲೈ ಬಂದರೆ ಬಯಲು ಬರಿದು. ಆಗ ಕಡಲಿನತ್ತ ನೋಡಬೇಕು. ಮಳೆಗಾಲದ ಬಿರುಗಾಳಿ ಸದಾ ನಡುಗಡಲಲ್ಲೇ ಇರುವ ಬ್ರೈಡಲ್ಡ್ ರೀವ, ಮಾಸ್ಕ್ಡ್ ಬೂಬಿಯಂಥ ಹಕ್ಕಿಗಳನ್ನು ದಡಕ್ಕೆ ತಳ್ಳುತ್ತದೆ. ಸೋತು ಮರಳ ಮೇಲೆ ಬಿದ್ದ ಇಂಥ ಹಕ್ಕಿ ಸಿಕ್ಕರೆ ಮರಳಿ ಅಲೆಗೆ ಎಸೆಯದೆ, ಕಾಗೆ-ನಾಯಿಗಳಿಂದ ಕಾಪಾಡಿ ಅರಣ್ಯ ಇಲಾಖೆಗೆ ತಿಳಿಸಬೇಕು.

ಐದು ಚುಕ್ಕಿಗಳ ಒಂದು ನೆಲೆ

ಈಗ ಮೊದಲಿನ ಮಾತಿಗೆ ಬರೋಣ. ಒಂದು ರೆಡ್‌ಶಾಂಕ್ ಇಳಿತದಲ್ಲಿ ಅಳಿವೆಯಲ್ಲಿ ಮೇಯುತ್ತದೆ, ಭರತದಲ್ಲಿ ಆಗರದ ಬದುವಿನಲ್ಲಿ ನಿಲ್ಲುತ್ತದೆ, ಅಷ್ಟಮಿಯ ಸಣ್ಣ ಇಳಿತದಲ್ಲಿ ಬಯಲು ಸಾಕಷ್ಟು ತೆರೆಯದಿದ್ದರೆ ಗಜನಿಗೆ ಹೋಗುತ್ತದೆ. ಇವುಗಳಲ್ಲಿ ಒಂದನ್ನು ತೆಗೆದರೆ ಉಳಿದವು ಹಾಗೆಯೇ ಉಳಿಯುವುದಿಲ್ಲ. ಆಗರ ಹೋದರೆ ಬಯಲಿನಲ್ಲಿ ಎಷ್ಟೇ ಹುಳುವಿದ್ದರೂ ತಿನ್ನಲು ಬರುವ ಹಕ್ಕಿಗೆ ನಿಲ್ಲಲು ನೆಲವಿಲ್ಲ.

ಒಂದು ಕಡೆ ಜಾಗ ಹೋದರೆ ಹಕ್ಕಿಗಳು ಇನ್ನೊಂದು ಕಡೆ ಹೋಗುತ್ತವೆ ಎಂಬ ಸಮಾಧಾನದ ಮಾತನ್ನು ದಕ್ಷಿಣ ಕೊರಿಯಾ ಪರೀಕ್ಷಿಸಿ ನೋಡಿದೆ. ಅಲ್ಲಿನ ಸೆಮಾಂಗಮ್ ಎಂಬಲ್ಲಿ 33 ಕಿಲೋಮೀಟರ್ ಉದ್ದದ ಕಡಲ ಗೋಡೆ 2006ರಲ್ಲಿ ಎರಡು ಅಳಿವೆಗಳ ಕೆಸರು ಬಯಲನ್ನು ಭರತದಿಂದ ಕಡಿದುಹಾಕಿತು. ಅಲ್ಲಿ ಇಳಿಯುತ್ತಿದ್ದ ಗ್ರೇಟ್ ನಾಟ್ ಹಕ್ಕಿಗಳಲ್ಲಿ ಹತ್ತಾರು ಸಾವಿರ ಅಕ್ಕಪಕ್ಕದ ಬಯಲುಗಳಲ್ಲೂ ಕಾಣಿಸಲಿಲ್ಲ, ಚಳಿಗಾಲ ಕಳೆಯುವ ಆಸ್ಟ್ರೇಲಿಯದಲ್ಲೂ ಅವುಗಳ ಸಂಖ್ಯೆ ಕುಸಿಯಿತು. ಅವು ಬೇರೆಡೆಗೆ ಹೋಗಿರಲಿಲ್ಲ, ಇಲ್ಲವಾಗಿದ್ದವು.

ಅಷ್ಟು ದೂರ ಹೋಗಬೇಕಾಗಿಲ್ಲ. ಹೊನ್ನಾವರದ ಶರಾವತಿ ಅಳಿವೆ ಕುಮಟೆಯ ನೆರೆಯದೇ. ನದಿಯ ಮೇಲೆ ಲಿಂಗನಮಕ್ಕಿ, ಗೇರುಸೊಪ್ಪೆಗಳಲ್ಲಿ ಅಣೆಕಟ್ಟುಗಳಿವೆ. ವಿದ್ಯುತ್ ಉತ್ಪಾದಿಸಿ ಬಿಟ್ಟ ಸಿಹಿನೀರು ಬೇಸಿಗೆಯಲ್ಲೂ ಹರಿದುಬರುವುದರಿಂದ ಅಳಿವೆಯ ಉಪ್ಪು ತೆಳುವಾಗಿದೆ. ಉಪ್ಪನ್ನು ಬಯಸುವ ಚಿಪ್ಪಿಜೀವಿಗಳು ಅಘನಾಶಿನಿಯಲ್ಲಿ ಇರುವಷ್ಟು ಅಲ್ಲಿಲ್ಲ. ಘಟ್ಟದ ಮೇಲೆ ಮಾಡಿದ ಒಂದು ತೀರ್ಮಾನ ಕಡಲಂಚಿನ ಹಕ್ಕಿಯ ಕೊಕ್ಕಿಗೆ ಸಿಗುವುದನ್ನು ಬದಲಿಸುತ್ತದೆ. ಇದೇ ಅಘನಾಶಿನಿಯ ಬಾಯಲ್ಲಿ, ತದಡಿಯಲ್ಲಿ, 4,000 ಮೆಗಾವಾಟ್ ಉಷ್ಣವಿದ್ಯುತ್ ಸ್ಥಾವರದ ಯೋಜನೆ ಬಂದಿತ್ತು. ಊರವರೂ ವಿಜ್ಞಾನಿಗಳೂ ಒಟ್ಟಾಗಿ ವಿರೋಧಿಸಿದರು, ಯೋಜನೆ ನಿಂತಿತು. ಆ ಬಯಲು ಇಂದು ಇರುವುದು ತಾನಾಗಿ ಉಳಿದುಕೊಂಡು ಅಲ್ಲ, ಅದನ್ನು ಬಲ್ಲವರು ಉಳಿಸಿಕೊಂಡದ್ದರಿಂದ.

2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಪ್ರದೇಶ ರಾಮ್ಸರ್ ತಾಣವಾಗಿ ಘೋಷಣೆಯಾಯಿತು. ಮೀನು, ಚಿಪ್ಪಿ, ಗಜನಿ, ಉಪ್ಪು ಎಲ್ಲ ಸೇರಿ 6,000ದಿಂದ 7,500 ಕುಟುಂಬಗಳು ಇದನ್ನು ನೆಚ್ಚಿವೆ. ರಾಮ್ಸರ್ ಒಪ್ಪಂದದ ಮೂಲ ವಿಚಾರವೇ ಜಾಣತನದ ಬಳಕೆ, ಜನರನ್ನು ಹೊರಗಟ್ಟುವುದಲ್ಲ. ಅಘನಾಶಿನಿಯ ಮಟ್ಟಿಗೆ ಇದರ ಅರ್ಥ ಬಹಳ ನೇರ: ಕಗ್ಗ ಬಿತ್ತುವ ರೈತ, ಉಪ್ಪು ಎಳೆಯುವ ಕೂಲಿ, ಬೆಳಚು ಆಯುವ ಹೆಂಗಸು ತಮ್ಮ ಕೆಲಸದಲ್ಲಿ ಬದುಕಲು ಸಾಧ್ಯವಾಗುವಷ್ಟು ಕಾಲ ಹಕ್ಕಿಗಳೂ ಬರುತ್ತವೆ.

ಹಕ್ಕಿ ನೋಡಲು ಹೋಗುವ ನಾವು ಮಾಡಬಹುದಾದ್ದೂ ಇದೆ. ಪ್ರತಿ ಜನವರಿಯಲ್ಲಿ ನಡೆಯುವ ಏಷ್ಯಾ ಜಲಪಕ್ಷಿ ಗಣತಿಗೆ 1987ರಿಂದಲೂ ಹವ್ಯಾಸಿಗಳೇ ಬೆನ್ನೆಲುಬು. ಯಾವ ಹಕ್ಕಿ, ಎಷ್ಟು, ಎಲ್ಲಿ ಎಂಬುದರ ಜೊತೆಗೆ ನೀರು ಏರುತ್ತಿತ್ತೇ ಇಳಿಯುತ್ತಿತ್ತೇ, ಹಕ್ಕಿ ಮೇಯುತ್ತಿತ್ತೇ ವಿಶ್ರಮಿಸುತ್ತಿತ್ತೇ ಎಂದೂ ಬರೆದಿಡಬೇಕು. ಮೇಯುವ ಜಾಗಗಳು ಎಲ್ಲರಿಗೂ ಗೊತ್ತು. ಭರತದ ಹೊತ್ತಿನ ತಂಗುದಾಣಗಳು ಯಾರ ಪಟ್ಟಿಯಲ್ಲೂ ಸೇರದೆ ಒಂದೊಂದಾಗಿ ಕೈತಪ್ಪಬಹುದು. ಒಂದು ಬದುವಿನ ಮೇಲೆ ಪ್ರತಿ ಚಳಿಗಾಲ ಇಂತಿಷ್ಟು ಹಕ್ಕಿಗಳು ನಿಲ್ಲುತ್ತವೆ ಎಂದು ದಾಖಲೆಯಿದ್ದರೆ ಅದನ್ನು ಪಾಳು ನೆಲವೆಂದು ಯಾರೂ ಸುಲಭವಾಗಿ ಬರೆದುಕೊಳ್ಳಲಾರರು. ಕುಮಟೆಗೆ ಹೋಗುವವರು ಇಳಿತದಲ್ಲಿ ಅಳಿವೆಯನ್ನು ನೋಡಿದ ದಿನವೇ ಭರತದಲ್ಲಿ ಆಗರವನ್ನೂ ನೋಡಿ, ಎರಡನ್ನೂ ಒಂದೇ ಪುಟದಲ್ಲಿ ದಾಖಲಿಸಲಿ.